ಬಲಗೈ, ಯಥಾಸ್ಥಿತಿ

ನನ್ನ ಕೈಯಿಂದ ಇದುವರೆಗೆ ನಾನೂರಕ್ಕೂ ಹೆಚ್ಚು ಅಂಗೈಗಳು ತಯಾರಾಗಿವೆ. ಉಳಿದ ಹೆಂಗಸರು ಮಕ್ಕಳನ್ನು ಬೆಳೆಸಿ ಹೆಮ್ಮೆ ಪಡುತ್ತಾರೆ, ನಾನು ಅಂಗೈ ಬೆಳೆಸಿ ಹೆಮ್ಮೆಪಟ್ಟೆ. ಆ ಹೆಮ್ಮೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳಿಬಿಡುತ್ತೇನೆ. ಕೇಳಿದವರು ನಾಲ್ಕು ಬೈದರೂ ಚಿಂತೆಯಿಲ್ಲ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ.

ನಾನು ಕಸ್ತೂರಿ ಬಳಿಗಾರ. ಬೆಟಗೇರಿಯಲ್ಲಿ ಸುಟ್ಟಗಾಯದ ಆಸ್ಪತ್ರೆಯೊಂದರ ಚರ್ಮ ವಿಭಾಗದಲ್ಲಿ ಹಿರಿಯ ತಂತ್ರಜ್ಞೆ. ಚರ್ಮ ಬೆಳೆಸುವ ಯಂತ್ರ ನಮ್ಮಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಕಂಪನಿಯವರು ಅದಕ್ಕೆ ಮಾರುದ್ದದ ಹೆಸರಿಟ್ಟಿದ್ದರು. ನೇಕಾರರ ಊರು ನೋಡಿ, ಜನ ಅದನ್ನು ಮಗ್ಗ ಎಂದು ಕರೆದರು. ನಾವೂ ಹಾಗೇ ಕರೆಯತೊಡಗಿದೆವು.

ಮಗ್ಗದ ಕೆಲಸ ತಿಳಿಯಲು ಕಷ್ಟವೇನಿಲ್ಲ. ನಮ್ಮ ಚರ್ಮದ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಕಾಂಡಕೋಶಗಳು ಕೂತಿರುತ್ತವೆ. ಇನ್ನೂ ಏನೂ ಆಗಿರದ ಎಳೆಯ ಕೋಶಗಳು ಅವು. ಒಂದು ಒಡೆದು ಎರಡಾದರೆ, ಒಂದು ತಳದಲ್ಲೇ ಉಳಿದು ಇನ್ನೊಂದು ತಳ ಬಿಟ್ಟು ಮೇಲಕ್ಕೆ ಹೊರಡುತ್ತದೆ. ಹೊರಟದ್ದು ಮತ್ತೆ ಕೆಳಗಿಳಿಯುವ ಮಾತಿಲ್ಲ. ಏರುತ್ತ ಏರುತ್ತ ಬಲಿಯುತ್ತದೆ, ಮೈತುಂಬ ಗಟ್ಟಿ ನಾರು ತುಂಬಿಕೊಂಡು ಚಪ್ಪಟೆಯಾಗುತ್ತದೆ, ಕೊನೆಗೆ ಸತ್ತು ಹೊರಪದರವಾಗಿ ನಮ್ಮನ್ನು ಕಾಯುತ್ತದೆ. ಚರ್ಮದಲ್ಲಿ ಬಲಿಯುವುದೆಂದರೆ ಸಾಯುವುದೇ.

ಯಾವ ಕೋಶ ಏನಾಗಬೇಕೆಂದು ಹೇಳುವುದು ಅದರ ಕೆಳಗಿನ ನೆಲ. ಕಿವಿಯ ಹಿಂದಿನ ನವಿರು ಚರ್ಮದ ಕಾಂಡಕೋಶ ತಂದು, ಅಂಗೈಯಷ್ಟೇ ದಪ್ಪ ಚರ್ಮದ ಅಂಗಾಲಿನ ಒಳಪದರದ ಕೋಶಗಳನ್ನು ಗಾಯದ ಮೇಲೆ ಹರಡಿ ಅವುಗಳ ಮೇಲೆ ಬಿತ್ತಿದರೆ, ಅದು ಕೆಳಗಿನವರ ಮಾತು ಕೇಳಿ ಅಂಗೈಯ ದಪ್ಪ ಚರ್ಮವಾಗುತ್ತದೆ. ಯಾವುದು ತಳದಲ್ಲಿರಬೇಕು, ಯಾವುದು ಮೇಲೇರಬೇಕು ಎಂಬುದನ್ನು ಮಗ್ಗ, ಕೈಗೆ ತೊಡಿಸಿದ ಗಾಜಿನ ಗವಸಿನೊಳಗೆ ಕ್ಯಾಲ್ಸಿಯಂ ಹನಿಗಳನ್ನು ಹೆಚ್ಚುಕಡಿಮೆ ಮಾಡುತ್ತ ನೋಡಿಕೊಳ್ಳುತ್ತದೆ. ಇಪ್ಪತ್ತೊಂದನೆಯ ದಿನಕ್ಕೆ ಒಂದು ಗೀರೂ ಇಲ್ಲದ ಹೊಸ ಅಂಗೈ ಸಿದ್ಧ.

ದಾನಮ್ಮ ಮೊದಲ ಸಲ ಬಂದಾಗ ಅವಳ ಬಲ ಅಂಗೈ ಬೆಂದುಹೋಗಿತ್ತು. ಇಪ್ಪತ್ಮೂರು ವರ್ಷದ ಹುಡುಗಿ, ಮದುವೆಯಾಗಿ ಎರಡು ವರ್ಷ. ಕರೆತಂದವಳು ಅತ್ತೆ ಸಂಗವ್ವ. ಆಸ್ಪತ್ರೆಯ ಎದುರಿನ ಓಣಿಯಲ್ಲಿರುವ ಖಾನಾವಳಿ ಸಂಗವ್ವನದು. ಗಂಡ ತೀರಿಕೊಂಡ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚುವ ಉಸಾಬರಿ ಬೇಡವೆಂದು ನಾನು ಹನ್ನೊಂದು ವರ್ಷದಿಂದ ಮಧ್ಯಾಹ್ನದ ಊಟ ಅಲ್ಲೇ ಮಾಡುತ್ತಿದ್ದೆ.

“ಹಂಚಿನ ಮ್ಯಾಲೆ ಜೋಲಿ ತಪ್ಪಿ ಕೈ ಊರ್ಯಾಳ” ಎಂದಳು ಸಂಗವ್ವ. “ಕಣ್ಣಿಟ್ಟು ಕೆಲಸ ಮಾಡಂಗಿಲ್ಲ ಈಕಿ. ಜಲ್ದಿ ಮಾಡಿಕೊಡವ್ವಾ ಕಸ್ತೂರಿ, ರೊಟ್ಟಿ ಬಡಿಯೋ ಕೈ ಅದು.”

“ಕೈ ಅಂದ್ರ ಬಜಾರದಾಗ ಸಿಗೋ ಸೌಟು ಅಂತ ತಿಳದೀಯೇನು? ಇಪ್ಪತ್ತೊಂದು ದಿನ ಬೇಕು, ಸುಮ್ನ ಕುಂದರು” ಎಂದೆ.

ಕಿವಿಯ ಹಿಂದಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆಯುವಾಗ ದಾನಮ್ಮ ಅಳಲಿಲ್ಲ. ಒಂದೇ ಮಾತು ಕೇಳಿದಳು. “ಅಕ್ಕಾರ, ಹೊಸಾ ಕೈಗೆ ಬಿಸಿ ತಡೀತೈತೇನ್ರಿ?”

“ಮೊದಲ ತಡ್ಯಂಗಿಲ್ಲವ್ವ, ಎಳೀದಿರತೈತಿ. ಬಲೀಲಿಕ್ಕ ಆರು ತಿಂಗಳ ಬೇಕು. ಜ್ವಾಕಿ ಇರು.”

ಕೆಲಸದ ಹುರುಪಿನ ಹುಡುಗಿ, ರೊಟ್ಟಿಯ ಚಿಂತೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅದು ಹೆದರಿಕೆಯ ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ.

ಜೋಳದ ರೊಟ್ಟಿ ಬಡಿಯುವವರ ಕೈಯೇ ಬೇರೆ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ಬರಿಗೈಯಲ್ಲೇ ತಿರುವಿ ಹಾಕಬೇಕು. ವರ್ಷಗಟ್ಟಲೆ ಬಡಿದ ಕೈಗೆ ಬಿಸಿ ಹತ್ತುವುದಿಲ್ಲ. ದಾನಮ್ಮನ ಹಳೆಯ ಕೈಯ ರೊಟ್ಟಿ ಎಷ್ಟು ತೆಳುವಾಗಿರುತ್ತಿತ್ತೆಂದರೆ ಆಚೆಯ ಬೆಳಕು ಕಾಣುತ್ತಿತ್ತು. ಹೊಸ ಕೈ ಬಂದ ಮೇಲೆ ಅವಳು ಹಂಚಿನ ಹತ್ತಿರ ಹೋಗಿ ಹೋಗಿ ಬೆರಳು ಹಿಂದೆಳೆದುಕೊಳ್ಳುತ್ತಿದ್ದಳು. ರೊಟ್ಟಿ ದಪ್ಪವಾದವು, ಅಂಚು ಹರಿದವು.

ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಎಂಟು ಹತ್ತು ಜನ ಊಟಕ್ಕೆ ಕೂತಿದ್ದೆವು. ನನಗೆ ಚೇಷ್ಟೆ ಮಾಡುವ ಚಪಲ. “ಏನ ಸಂಗವ್ವ, ಇವತ್ತ ರೊಟ್ಟಿ ಕೆರದ ಅಟ್ಟಿ ಆಗ್ಯಾವಲ್ಲ! ನಾ ಮಾಡಿದ ಕೈಗೆ ಹೆಸರು ಕೆಡಸ್ತೀರಿ ನೀವು” ಎಂದು ದೊಡ್ಡ ದನಿಯಲ್ಲಿ ಹೇಳಿದೆ. ರೊಟ್ಟಿಯನ್ನು ಚಪ್ಪಲಿಯ ಅಟ್ಟೆಗೆ ಹೋಲಿಸಿದ್ದಕ್ಕೆ ಎಲ್ಲರೂ ನಕ್ಕರು. ಸಂಗವ್ವನೂ ನಕ್ಕಳು. ಒಲೆಯ ಮುಂದಿದ್ದ ದಾನಮ್ಮ ಮಾತ್ರ ಈ ಕಡೆ ತಿರುಗಲಿಲ್ಲ. ನಾನು ಇನ್ನೊಂದಿಷ್ಟು ಶೇಂಗಾ ಚಟ್ನಿ ಹಾಕಿಸಿಕೊಂಡು ಉಂಡು ಬಂದೆ.

ಮರುದಿನ ಬೆಳಿಗ್ಗೆ ದಾನಮ್ಮ ಎರಡನೆಯ ಸಲ ಬಂದಳು. ಅದೇ ಅಂಗೈ. ಮತ್ತೆ ಜೋಲಿ ತಪ್ಪಿದಳಂತೆ.

ಜೋಲಿ ತಪ್ಪಿ ಊರಿದ ಕೈ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸುಡುತ್ತದೆ. ಸರಕ್ಕನೆ ಎಳೆದುಕೊಂಡದ್ದು ಗೊತ್ತಾಗುತ್ತದೆ. ಈ ಕೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೇ ಸಮನಾಗಿ ಬೆಂದಿತ್ತು. ಅದು ನನಗೆ ಕಂಡಿತು. ವರ್ಷಗಟ್ಟಲೆ ಸುಟ್ಟ ಕೈ ನೋಡಿದವಳಿಗೆ ಕಾಣದೇ ಇರುತ್ತದೆಯೇ? ಆದರೆ ನನ್ನ ತಲೆಯಲ್ಲಿ ಬೇರೆ ಹುಳ ಕೊರೆಯುತ್ತಿತ್ತು.

ಒಮ್ಮೆ ಗಾಯ ಕಂಡ ಕಾಂಡಕೋಶ ಅದನ್ನು ಮರೆಯುವುದಿಲ್ಲ. ಗಾಯ ಮುಚ್ಚಲು ತೆರೆದ ಒಳಗಿನ ಬೀಗಗಳಲ್ಲಿ ಕೆಲವನ್ನು ಹಾಗೇ ತೆರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲಕ್ಕೆ ಬೇಕಾದೀತೆಂದು. ಸುಟ್ಟ ಸುದ್ದಿ ಅಕ್ಕಪಕ್ಕದ, ದೂರದ ಕೋಶಗಳಿಗೂ ಸ್ವಲ್ಪಸ್ವಲ್ಪ ಮುಟ್ಟಿರುತ್ತದೆ. ಇಂಥ ಕೋಶಗಳನ್ನು ಬಿತ್ತಿದರೆ ಗಡಿಬಿಡಿಯಲ್ಲಿ ಮೇಲೇರಿ ಅಂಕುಡೊಂಕಾಗಿ ಬಲಿಯುತ್ತವೆ. ನಾನು ಅವುಗಳ ತೆರೆದ ಬೀಗಗಳನ್ನೆಲ್ಲ ಮುಚ್ಚುವ ದ್ರಾವಣವೊಂದನ್ನು ಎರಡು ವರ್ಷದಿಂದ ಹದ ಮಾಡುತ್ತಿದ್ದೆ. ಅದಕ್ಕೆ ನಾವಿಟ್ಟ ಹೆಸರು ತೊಳೆತ. ತೊಳೆದ ಕೋಶ ಈಗಷ್ಟೇ ಹುಟ್ಟಿದ ಕೂಸಿನ ಕೋಶದಂತಾಗಬೇಕು. ದಾನಮ್ಮನ ಕೋಶಗಳನ್ನು ಎರಡೆರಡು ಸಲ ತೊಳೆದು ಬಿತ್ತಿದೆ. ಗಾಯದ ಅಂಚಿನಿಂದ ಕತ್ತರಿಸಿ ತೆಗೆದ ತುಣುಕನ್ನು ನಿಯಮದ ಪ್ರಕಾರ ಸುಟ್ಟು ಹಾಕಿದೆ.

ಹನ್ನೆರಡೇ ದಿನಕ್ಕೆ ಅಂಗೈ ತಯಾರು! ವಿಭಾಗದ ಮುಖ್ಯಸ್ಥ ಡಾಕ್ಟರ್ ಹೆಬ್ಬಳ್ಳಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, “ಕಸ್ತೂರಿಬಾಯಿ, ನೂರಕ್ಕ ನೂರು. ಒಂದು ಕೋಶನೂ ನೆನಪಿಟ್ಟಿಲ್ಲ ನೋಡ್ರಿ” ಎಂದರು. ಪ್ರಬಂಧ ಬರೆದರು. ಆಸ್ಪತ್ರೆಯವರು ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ, ಫೋಟೋಕ್ಕೆ ನಕ್ಕೆ.

ಪಟ್ಟಿ ಬಿಚ್ಚಿದ ದಿನ ಕೋಣೆಯಲ್ಲಿ ನಾವಿಬ್ಬರೇ. “ನೋಡು, ನೀ ಹುಟ್ಟಿದಾಗ ಹಿಂಗ ಇತ್ತು ನಿನ್ನ ಕೈ” ಎಂದೆ.

ದಾನಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಏನೂ ಇಲ್ಲಲ್ರಿ ಅಕ್ಕಾರ.”

“ಏನಿರಬೇಕಿತ್ತವ್ವ?”

“ಗುರುತು. ನಮ್ಮತ್ತಿ ನನ್ನ ಕೈ ಹಿಡದು ಹಂಚಿಗೆ ಒತ್ತ್ಯಾಳ್ರಿ. ನಮ್ಮನಿಯವರು ಹಿಂದಿಂದ ಅವಚಿ ಹಿಡದಿದ್ರು. ಎರಡೂ ಸಲ ಹಂಗ. ಏನೂ ಗುರುತು ಇಲ್ಲಂದ್ರ ಯಾರ ನಂಬ್ತಾರ?”

“ಯಾಕ? ನೀ ಏನ ಮಾಡಿದ್ದಿ?”

ಅವಳು ನನ್ನ ಮುಖ ನೋಡಲಿಲ್ಲ. “ಮೊದಲನೇ ಸಲ ರೊಟ್ಟಿ ಹೊತ್ತಿತ್ರಿ. ಎರಡನೇ ಸಲ... ಕೆರದ ಅಟ್ಟಿ ಆಗ್ಯಾವ ಅಂದ್ರಲ್ರಿ ನೀವು, ಅವತ್ತ ಸಂಜೀಕ.”

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅಷ್ಟು ಜನರ ನಡುವೆ ನಗಿಸಲು ಆಡಿದ ಮಾತು ಈ ಹುಡುಗಿಯ ಕೈಯ ಮೇಲೆ ಹೋಗಿ ಬಿದ್ದಿತ್ತು. ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ.

ದೂರು ಕೊಡಿಸಿದೆ. ಮಗ್ಗಗಳು ಊರೂರಿಗೆ ಬಂದ ಮೇಲೆ ಕಾನೂನೂ ಬದಲಾಗಿತ್ತು. ಮೈಮೇಲೆ ಶಾಶ್ವತ ಗುರುತು ಉಳಿಯದ ಗಾಯವೆಲ್ಲ ಸಾದಾ ಗಾಯ. ಕ್ಷಮಾಪಣೆ ಬರೆಸಿಕೊಂಡು ಮನೆಗೆ ಕಳಿಸುವುದು. ಫೌಜದಾರ ದಾನಮ್ಮನ ಅಂಗೈ ನೋಡಿ, “ಇದೇನವ್ವ, ಕೂಸಿನ ಕೈ ಇದ್ದಂಗೈತಿ. ಇದಕ್ಕ ಎರಡ ಸಲ ಬರೆ ಹಾಕ್ಯಾರ ಅಂತ ನಾ ಹೆಂಗ ಬರಕೊಳ್ಳಲಿ?” ಎಂದ.

ಆಗ ನಾನೇ ದಾನಮ್ಮನ ವಕೀಲರಿಗೆ ಹೇಳಿದೆ: ಕೋಶದ ನೆನಪೂ ಗುರುತೇ ಅಲ್ಲವೇ? ಬರಿಗಣ್ಣಿಗೆ ಕಾಣದಿದ್ದರೇನಾಯಿತು, ಸಾಯುವವರೆಗೆ ಉಳಿಯುತ್ತದಲ್ಲ. ನ್ಯಾಯಾಧೀಶರು ಒಪ್ಪಿ ಅಂಗೈಯ ಚೂರನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ನಮ್ಮ ತೊಳೆತ ನೂರಕ್ಕೆ ನೂರು ಎಂದು ಪ್ರಬಂಧದಲ್ಲಿ ಬರೆದದ್ದು ಬಡಾಯಿಯಾಗಿರಲಿ, ಎಲ್ಲೋ ಮೂಲೆಯಲ್ಲಿ ನಾಲ್ಕು ಕೋಶಗಳಾದರೂ ನೆನಪಿಟ್ಟುಕೊಂಡಿರಲಿ ಎಂದು ಕಂಡ ಕಂಡ ದೇವರಿಗೆ ಬೇಡಿಕೊಂಡೆ. ವರದಿ ಬಂತು. ನೆನಪು: ಶೂನ್ಯ.

ಎದುರು ವಕೀಲ ನನ್ನನ್ನು ಕಟಕಟೆಗೆ ಕರೆದ. “ಕೋಶಗಳನ್ನ ತೊಳದವರು ಯಾರು?”

“ನಾನ.”

“ಯಾಕ ತೊಳದ್ರಿ?”

“ಕೈ ಛಲೋ ಆಗಲಿ ಅಂತ.”

“ಛಲೋ ಆತಲ್ಲ?”

“ಆತು.”

ಮೊಕದ್ದಮೆ ಅಲ್ಲಿಗೆ ಮುಗಿಯಿತು. ಸಂಗವ್ವ ಅರ್ಧ ಹಾಳೆಯ ಕ್ಷಮಾಪಣೆಗೆ ಹೆಬ್ಬೆಟ್ಟು ಒತ್ತಿ, ಸೊಸೆಯ ಸೆರಗು ಸರಿಮಾಡಿ ಕರೆದುಕೊಂಡು ಹೊರಟಳು. ದಾನಮ್ಮನಿಗೆ ತವರಿನಲ್ಲಿ ಇದ್ದವನು ಅಣ್ಣ ಒಬ್ಬನೇ. ಅವನು ‘ಕೋರ್ಟೇ ರಾಜಿ ಮಾಡೇತಿ, ಹೊಂದಿಕೊಂಡು ಹೋಗು’ ಎಂದು ಬಸ್ ಹತ್ತಿದ್ದ. ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಇದ್ದವು. ಬಾ ಎನ್ನಬಹುದಿತ್ತು. ಮಂದಿ ಏನೆಂದಾರು, ನನಗ್ಯಾಕೆ ಇಲ್ಲದ ರಗಳೆ ಎಂದುಕೊಂಡು ಸುಮ್ಮನೆ ನಿಂತೆ. ಖಾನಾವಳಿಯ ಊಟ ಬಿಟ್ಟೆ, ಅಷ್ಟೇ ನನ್ನ ಪೌರುಷ.

ಎರಡು ತಿಂಗಳಿಗೆ ಮೂರನೆಯ ಸಲ ಬಂದಳು. ಅದೇ ಕೈ, ಮೊದಲಿಗಿಂತ ಆಳ. ಕೋರ್ಟಿಗೆ ಎಳೆದದ್ದರ ಸಿಟ್ಟೂ ಈ ಸಲ ಅದರಲ್ಲಿ ಸೇರಿತ್ತು. ಸಂಗವ್ವ ಹೊರಗೆ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಈ ಸಲ ಹೊಸಾ ಕೈ ಬ್ಯಾಡ್ರಿ ಅಕ್ಕಾರ” ಎಂದಳು ದಾನಮ್ಮ. “ಗುರುತು ಇರಲಿ.”

“ಹುಚ್ಚಿ! ಹಂಗ ಬಿಟ್ರ ಕೈ ಮುದುಡಿ ಮುಷ್ಟಿ ಆಗತೈತಿ. ಮುಂದ ಬೆರಳ ಬಿಚ್ಚಂಗಿಲ್ಲ.”

“ಬಿಚ್ಚದಿದ್ರ ಹಂಚಿಗೆ ಒತ್ತಾಕ ಬರಂಗಿಲ್ಲಲ್ರಿ.”

ಡಾಕ್ಟರ್ ಹೆಬ್ಬಳ್ಳಿಯವರಿಗೆ ಹೇಳಿದರೆ ಅವರು ರೇಗಿದರು. “ಮಗ್ಗ ಇದ್ದೂ ಕೈ ಕೆಟ್ರ ಆಸ್ಪತ್ರಿ ಹೆಸರು ಏನಾಗಬೇಕು? ಗಂಡ ಸಹಿ ಮಾಡ್ಯಾನ, ಸಾಕು. ಆಕಿ ನೋವಿನಾಗ ಏನೋ ಬಡಬಡಸ್ತಾಳ, ಅದನ್ನ ಕಟ್ಟಿಕೊಂಡು ಕುಂದರಬ್ಯಾಡ್ರಿ. ಬಿತ್ರಿ.”

ಬಿತ್ತಿದೆ. ಮೂರನೆಯ ದಿನ ಮಗ್ಗದ ಕ್ಯಾಲ್ಸಿಯಂ ಹನಿಯನ್ನು ನಾನೇ ಪೂರ್ತಿ ಏರಿಸಿದೆ. ತಳದಲ್ಲಿ ಕೂತಿರಬೇಕಾದ ಕಾಂಡಕೋಶಗಳೆಲ್ಲ ಎದ್ದು ಮೇಲಕ್ಕೆ ಹೊರಟವು. ಒಂದೂ ಉಳಿಯಲಿಲ್ಲ, ಎಲ್ಲವೂ ಒಟ್ಟಿಗೆ ಬಲಿತವು. ಹತ್ತು ದಿನ ಅಂಗೈ ಎಷ್ಟು ಚೆಂದ ಕಂಡಿತೆಂದರೆ ಡಾಕ್ಟರು ನನ್ನ ಬೆನ್ನು ತಟ್ಟಿದರು. ಸವೆದದ್ದನ್ನು ತುಂಬಲು ತಳದಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕನೆಯ ದಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಬಂತು. ‘ಕಾಂಡಕೋಶ ದುರ್ಬಲ, ಮತ್ತೆ ಬಿತ್ತಿ ಪ್ರಯೋಜನವಿಲ್ಲ’ ಎಂದು ಬರೆದು ಕೈತೊಳೆದುಕೊಂಡೆ. ಗಾಯ ತನಗೆ ತಿಳಿದಂತೆ ಮಾಯಿತು, ಮಾಯುತ್ತ ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿತು. ಮಾಡಿದ್ದು ತಪ್ಪೇ. ಬೇರೆ ದಾರಿ ನನಗೆ ಕಾಣಲಿಲ್ಲ.

ಮತ್ತೆ ದೂರು ಕೊಟ್ಟೆವು. ಈ ಸಲ ನ್ಯಾಯಾಧೀಶರು ತಾವೇ ಕೆಳಗಿಳಿದು ಬಂದು, “ಕೈ ಬಿಚ್ಚಮ್ಮ” ಎಂದರು. ದಾನಮ್ಮ ಬಿಚ್ಚಲು ನೋಡಿದಳು. ಕಣ್ಣಲ್ಲಿ ನೀರು ಬಂತು, ಬೆರಳು ಬರಲಿಲ್ಲ. ಸಂಗವ್ವನಿಗೆ ಏಳು ವರ್ಷ, ಮಗ ಮಲ್ಲೇಶಿಗೆ ಐದು ವರ್ಷ ಶಿಕ್ಷೆಯಾಯಿತು. ನಾನು ಕೋರ್ಟಿನ ಅಂಗಳದಲ್ಲೇ ದಾನಮ್ಮನನ್ನು ತಬ್ಬಿಕೊಂಡು ಅತ್ತೆ. ಅವಳ ಕಿವಿ ಹಿಂದಿನ ಕೋಶಗಳನ್ನು ಯಾರಿಗೂ ಹೇಳದೆ ಶೀತಪೆಟ್ಟಿಗೆಯಲ್ಲಿ ಕಾಪಾಡಿಟ್ಟಿದ್ದೆ. “ನಾಳೀನ ಬಾ. ಹನ್ನೆರಡ ದಿನಕ್ಕ ಕೈ ಕೊಡತೀನಿ” ಎಂದೆ. ಅವಳು ಮದುವೆಯಾಗಿ ಬಂದ ಮೇಲೆ ಮೊದಲ ಸಲವೋ ಏನೋ, ಹಲ್ಲು ಕಾಣುವ ಹಾಗೆ ನಕ್ಕಳು.

ಮರುದಿನ ಬಂದದ್ದು ಆದೇಶ. ಅತ್ತೆ, ಮಗ ಇಬ್ಬರೂ ಮೇಲ್ಮನವಿ ಹಾಕಿದ್ದರು, ಜಾಮೀನೂ ಸಿಕ್ಕಿತ್ತು. ಮೇಲ್ಮನವಿ ಮುಗಿಯುವವರೆಗೆ ದಾನಮ್ಮನ ಬಲಗೈ ಮುಖ್ಯ ಸಾಕ್ಷ್ಯ; ಅದಕ್ಕೆ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಆರು ತಿಂಗಳಿಗೊಮ್ಮೆ ಚರ್ಮ ವಿಭಾಗದ ಹಿರಿಯ ತಂತ್ರಜ್ಞರು ಕೈಯನ್ನು ಪರೀಕ್ಷಿಸಿ, ಅದು ಬದಲಾಗಿಲ್ಲವೆಂದು ಬರೆದುಕೊಡಬೇಕು. ಆ ಹಿರಿಯ ತಂತ್ರಜ್ಞೆ ನಾನೇ.

ಈಗ ಎರಡೂವರೆ ವರ್ಷವಾಯಿತು. ದಾನಮ್ಮ ನನ್ನ ಮನೆಯಲ್ಲೇ ಇದ್ದಾಳೆ. ಎಡಗೈಯಲ್ಲಿ ಊಟ ಮಾಡುತ್ತಾಳೆ, ಜಡೆ ನಾನು ಹಾಕುತ್ತೇನೆ. ರೊಟ್ಟಿಯನ್ನೂ ನಾನೇ ಬಡಿಯುತ್ತೇನೆ. “ಅಕ್ಕಾರ, ಕೆರದ ಅಟ್ಟಿ ಆಗ್ಯಾವ್ರಿ” ಎಂದು ಒಮ್ಮೊಮ್ಮೆ ಚೇಷ್ಟೆ ಮಾಡುತ್ತಾಳೆ. ನಗುತ್ತೇನೆ. ನಕ್ಕು ಒಳಗೆ ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ.

“ಇನ್ನ ಎಷ್ಟ ದಿನರಿ?” ಎಂದು ಕೇಳಿದಾಗಲೆಲ್ಲ “ಆತವ್ವ, ಇನ್ನೇನು” ಎನ್ನುತ್ತೇನೆ. ನಿಜ ಹೇಳಲು ಬಾಯಿ ಬರುವುದಿಲ್ಲ. ಬೆರಳುಗಳ ಸ್ನಾಯುರಜ್ಜುಗಳು ಗಿಡ್ಡಾಗಿವೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅಂಗೈಯ ಒಳಪದರವೆಲ್ಲ ಗಾಯದ ಗಂಟಾಗಿ ಬಿಟ್ಟಿದೆ. ಅಂಗಾಲಿನ ಕೋಶ ತಂದು ಹರಡಿದರೂ ಆ ಗಂಟಿನ ಮೇಲೆ ಅವು ಬದುಕುವುದಿಲ್ಲ. ಶೀತಪೆಟ್ಟಿಗೆಯ ಕಾಂಡಕೋಶಗಳನ್ನು ಈಗ ತಂದು ಬಿತ್ತಿದರೆ, ನೀನು ಅಂಗೈಯಾಗು ಎಂದು ಅವಕ್ಕೆ ಹೇಳುವ ನೆಲವೇ ಅಲ್ಲಿಲ್ಲ. ನಾಳೆಯೇ ತೀರ್ಪು ಬಂದರೂ ಆ ಕೈ ಬಿಚ್ಚುವುದಿಲ್ಲ.

ಕಳೆದ ತಿಂಗಳು ಸಂಗವ್ವ ಆಸ್ಪತ್ರೆಗೆ ಬಂದಳು. ಸೊಸೆ ಹೋದ ಮೇಲೆ ಖಾನಾವಳಿಯ ರೊಟ್ಟಿ ಅವಳೇ ಬಡಿಯುತ್ತಿದ್ದಳು. ಅರವತ್ತು ದಾಟಿದ ಕಾಲು, ನಿಜಕ್ಕೂ ಜೋಲಿ ತಪ್ಪಿ ಹಂಚಿನ ಮೇಲೆ ಬಲಗೈ ಊರಿದ್ದಳು. ಅವಳ ಕೈಯಲ್ಲಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸುಟ್ಟಿತ್ತು.

ಬಿತ್ತಿದೆ. ಮೂರನೆಯ ದಿನ ಕ್ಯಾಲ್ಸಿಯಂ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತೆ. ಒಂದು ಸಲ ಕೆಡಿಸಿದವಳಿಗೆ ಎರಡನೆಯ ಸಲ ಕೆಡಿಸುವುದು ಎಷ್ಟು ಹೊತ್ತು? ಸೂಕ್ಷ್ಮದರ್ಶಕದ ಗಾಜಿನಾಚೆ ಕೋಶಗಳು ಒಂದೊಂದಾಗಿ ತಳ ಬಿಟ್ಟು, ಸಾಲು ತಪ್ಪದೆ ಮೇಲೇರುತ್ತಿದ್ದವು. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕ ಬೆಳೆ ನಾನು ಕಂಡಿರಲಿಲ್ಲ. ನನ್ನ ಕಸುಬಿಗೆ ಬೆಂಕಿ ಹಾಕ, ಬೆರಳು ಹಿಂದಕ್ಕೆ ತೆಗೆದೆ. ಹನ್ನೊಂದು ದಿನಕ್ಕೆ ಅಂಗೈ ಬಂತು. ನನ್ನ ದಾಖಲೆಯನ್ನು ನಾನೇ ಮುರಿದೆ.

ಮೊನ್ನೆ ಸೋಮವಾರ ಅವಳ ಪಟ್ಟಿ ಬಿಚ್ಚುವ ದಿನ. ಅದೇ ದಿನ ದಾನಮ್ಮನ ಐದನೆಯ ಪರೀಕ್ಷೆ. ಒಂದೇ ಕೋಣೆ, ಅವಳು ಕುರ್ಚಿಯಲ್ಲಿ, ಇವಳು ಗೋಡೆಯ ಪಕ್ಕದ ಬೆಂಚಿನಲ್ಲಿ.

ಸಂಗವ್ವ ಹೊಸ ಅಂಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಐದೂ ಬೆರಳು ಅಗಲಿಸಿದಳು, ಮಡಚಿದಳು, ಮತ್ತೆ ಅಗಲಿಸಿದಳು. “ಭಾರಿ ಛಲೋ ಮಾಡೀಯವ್ವಾ ಕಸ್ತೂರಿ” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. “ಹೊಸಾ ಕೈಗೆ ಬಿಸಿ ತಡೀತೈತೇನವ್ವಾ?”

ಉತ್ತರ ಬೆಂಚಿನ ಕಡೆಯಿಂದ ಬಂತು.

“ಮೊದಲ ತಡ್ಯಂಗಿಲ್ರಿ ಅತ್ತಿ” ಎಂದಳು ದಾನಮ್ಮ, ಮುಷ್ಟಿಯಾದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. “ಎಳೀದಿರತೈತಿ. ಆರು ತಿಂಗಳ ಜ್ವಾಕಿ ಇರ್ರಿ.”

ಸಂಗವ್ವ ಹೂಂ ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ನಾನು ದಾನಮ್ಮನ ಕೈಯನ್ನು ಸೆರಗಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಬೆರಳುಗಳ ಸಂದಿಯಲ್ಲಿ ನನ್ನ ಕಿರುಬೆರಳು ತೂರಿಸಲು ನೋಡಿದೆ, ಹೋಗಲಿಲ್ಲ. ಕೋರ್ಟಿನ ಹಾಳೆ ತೆಗೆದು ಬರೆದೆ: ಬಲಗೈ, ಯಥಾಸ್ಥಿತಿ. ಕೆಳಗೆ ಸಹಿ ಮಾಡಿದೆ.